ಬಿಸಿಲಿಗೆ ಇಟ್ಟ ಅರವತ್ತೊಂದರ ಬಾಟಲಿ

ಎಪ್ಪತ್ತರ ದಶಕದ ನಡುವೆ ರಾಯಚೂರಿನ ಒಂದು ಕಾಲೇಜಿನಲ್ಲಿ ನಾನು ಎರಡು ವರ್ಷ ಹಂಗಾಮಿ ಇತಿಹಾಸ ಉಪನ್ಯಾಸಕನಾಗಿದ್ದೆ. ಕೆಲಸ ಕಾಯಂ ಆಗುವ ಹೊತ್ತಿಗೆ ಆಡಳಿತ ಮಂಡಳಿಯ ಅಧ್ಯಕ್ಷ ಅದನ್ನು ತನ್ನ ಅಳಿಯನಿಗೆ ಕೊಟ್ಟ. ಮಾನ್ವಿಯಲ್ಲಿ ಅಕ್ಕಿ ಗಿರಣಿ, ರಾಯಚೂರಿನಲ್ಲಿ ಎರಡಂತಸ್ತಿನ ಮನೆ ಇದ್ದ ಸಾಹುಕಾರ. ಎದುರಿಗೆ ನಾನು ಅವನಿಗೆ ಬಹುವಚನವನ್ನೇ ಬಳಸಿದೆ. ಏಕವಚನ ಬರೆಯುವಾಗ ಮಾತ್ರ.

ಕೆಲಸ ಹೋದದ್ದನ್ನು ಮರೆಯಬಹುದಿತ್ತು. ಸಂದರ್ಶನದಲ್ಲಿ ಅವನು ನನ್ನ ಅರ್ಜಿಯನ್ನು ಗಟ್ಟಿಯಾಗಿ ಓದಿದ್ದನ್ನು ಮರೆಯಲಾಗಲಿಲ್ಲ. ಹೈದರಾಬಾದಿನಲ್ಲಿ ಪದವಿಗೆ ನಾನು ಎರಡನೆಯ ಭಾಷೆಯಾಗಿ ಫ್ರೆಂಚ್ ತೆಗೆದುಕೊಂಡಿದ್ದೆ.

"ದೇವದುರ್ಗದ ಹುಡುಗ ಫ್ರೆಂಚ್ ಕಲ್ತಾನ ನೋಡ್ರಿ! ಯಾರ ಜೋಡಿ ಮಾತಾಡ್ತಿಯೋ ತಮ್ಮಾ, ನಿಮ್ಮನಿ ಎಮ್ಮಿ ಜೋಡಿಯೇನು?"

ಎಲ್ಲರೂ ನಕ್ಕರು. ಚಹಾ ತಂದಿದ್ದ ಜವಾನನೂ ನಕ್ಕ ಎಂದು ನನ್ನ ನೆನಪು. ಜವಾನ ಆಗ ಕೋಣೆಯಲ್ಲಿ ಇದ್ದನೇ ಎಂಬುದು ಈಗ ಖಾತ್ರಿಯಿಲ್ಲ. ಆ ನಗು ಮಾತ್ರ ಕೇಳಿಸುತ್ತದೆ.

ಮೂರು ವರ್ಷದ ನಂತರ, ನಾನು ಮಾನ್ವಿಯ ಹೈಸ್ಕೂಲಿನಲ್ಲಿ ಮಾಸ್ತರನಾಗಿದ್ದಾಗ, ಒಂದು ಮೇ ತಿಂಗಳು ಅವನ ಜೀಪು ನನ್ನ ಬಾಡಿಗೆ ಮನೆಯ ಮುಂದೆ ಬಂದು ನಿಂತಿತು. ಹೈದರಾಬಾದಿನ ಪಂಪು ಕಾರ್ಖಾನೆಗೆ ಒಬ್ಬ ಫ್ರೆಂಚ್ ಇಂಜಿನಿಯರ್ ಬಂದಿದ್ದ. ನಮ್ಮ ಜಿಲ್ಲೆಯಲ್ಲಿ ಆ ಪಂಪು ಮಾರುವ ಏಜೆನ್ಸಿ ಯಾರಿಗೆ ಎನ್ನುವುದು ಅವನ ಕೈಯಲ್ಲಿತ್ತು. ಸಾಹುಕಾರನ ಮನೆಗೆ ಊಟಕ್ಕೆ ಬರುವುದಾಗಿ ಒಪ್ಪಿ, ಹತ್ತು ದಿನ ಮೊದಲೇ ಎರಡು ಬಾಟಲಿ ಕೆಂಪು ವೈನು ಮತ್ತು ಫ್ರೆಂಚಿನಲ್ಲಿ ಒಂದು ಕಾಗದ ಕಳಿಸಿದ್ದ. ಕಾಗದ ಓದುವವರು ಊರಲ್ಲಿ ಯಾರೂ ಇರಲಿಲ್ಲ.

"ಮಾಸ್ತರ, ನಿಮ್ಮನ್ನ ಬಿಟ್ರ ನನಗ ಗತಿ ಇಲ್ರಿ," ಅಂದ. ಹಳೆಯದರ ಬಗ್ಗೆ ಒಂದು ಮಾತಿಲ್ಲ. ಅವನಿಗೆ ನೆನಪೇ ಇರಲಿಲ್ಲ ಎಂದು ಆಗಲೇ ಗೊತ್ತಾಯಿತು. ಅದು ಇನ್ನೂ ಉರಿಸಿತು.

ರಾಯಚೂರಿನ ಅವನ ಮನೆಯಲ್ಲಿ ಕೂತು ಓದಿದೆ. ಎರಡೂ ಬಾಟಲಿ ಒಂದೇ ದ್ರಾಕ್ಷಿ ತೋಟದವು. ಒಂದು ಅರವತ್ತೊಂದರ ಬೆಳೆಯದು, ಇನ್ನೊಂದು ಎಪ್ಪತ್ತರದು. ಅರವತ್ತೊಂದರಲ್ಲಿ ಹೂವಿನ ಹೊತ್ತಿಗೆ ಮಂಜು ಬಿದ್ದು ಬೆಳೆ ಉದುರಿತ್ತು, ಬೇಸಿಗೆಯಲ್ಲಿ ಮಳೆ ಇಲ್ಲ. ಉಳಿದ ಸ್ವಲ್ಪ ದ್ರಾಕ್ಷಿಯ ರಸ ಬಲು ಗಟ್ಟಿ. ಎಪ್ಪತ್ತು ಸುಭಿಕ್ಷದ ವರ್ಷ. ಎರಡನ್ನೂ ಜೊತೆಗಿಟ್ಟು ಹೋಲಿಸಿ ಕುಡಿಯೋಣ ಎಂದು ಇಂಜಿನಿಯರನ ಆಸೆ.

ಸಾಹುಕಾರ ದಡ್ಡನಲ್ಲ. "ತಿಳೀತ್ರಿ. ಮಳಿ ಕಮ್ಮಿ ಆದ ವರ್ಷ ಮೆಣಸಿನಕಾಯಿ ಖಾರ ಹೆಚ್ಚಿಗಿರ್ತದಲ್ಲ, ಹಂಗ," ಅಂದ. ನಾನು ಮೆಚ್ಚಿದೆ. ಮೆಚ್ಚಿದ್ದಕ್ಕೆ ನನ್ನ ಮೇಲೆಯೇ ಸಿಟ್ಟು ಬಂತು.

ಮುಂದೆ ಕಾಗದದಲ್ಲಿತ್ತು: ಮನೆಯ ಅತಿ ತಂಪಾದ ಜಾಗದಲ್ಲಿ, ಕತ್ತಲಲ್ಲಿ, ಮಲಗಿಸಿ ಇಡಿ. ನಾನು ಇನ್ನೂ ಬಾಯಿ ತೆರೆದಿರಲಿಲ್ಲ. ಸಾಹುಕಾರನೇ ಕೇಳಿದ: "ಉಪ್ಪಿನಕಾಯಿ ಭರಣಿ ಇಟ್ಟಂಗ ಬಿಸಿಲಿಗಿ ಇಡಬೇಕೇನ್ರಿ?"

ಅವತ್ತಿನ ಡೈರಿಯಲ್ಲಿ ಇಷ್ಟೇ ಇದೆ: "ಬಿಸಿಲಿಗೆ ಇಡಬೇಕೇ ಅಂದ. ಹಳೆಯದನ್ನು ಮಾತ್ರ ಅಂದೆ." ಒಂದು ಚೆನ್ನಾಗಿ ಉಳಿದರೇ ಇನ್ನೊಂದು ಕೆಟ್ಟದ್ದು ಎದ್ದು ಕಾಣುತ್ತದೆ ಎಂದು ಆ ಕ್ಷಣದಲ್ಲೇ ಲೆಕ್ಕ ಹಾಕಿದೆನೇ? ಹಾಕಿದೆ ಎಂದು ಬಹಳ ಸಲ ನನಗೇ ಹೇಳಿಕೊಂಡಿದ್ದೇನೆ. ಬಹುಶಃ ಆ ಜಾಣತನ ಆಮೇಲೆ ಸೇರಿಸಿಕೊಂಡದ್ದು.

ಎಪ್ಪತ್ತರದು ನೀರಿನ ಗಡಿಗೆಗಳ ಪಕ್ಕ ಮಲಗಿತು. ಅರವತ್ತೊಂದರದು ಮಾಳಿಗೆ ಹತ್ತಿತು. ಮೊಣಕಾಲು ನೋವಿನ ಔಷಧ ಎಂದು ಸಾಹುಕಾರ ತಾಯಿಗೆ ಹೇಳಿದ್ದನಂತೆ. "ಹಂಗಾದ್ರ ನನಗೂ ಒಂದ್ ಗುಟುಕು ಇಡಪಾ," ಅಂದಳಂತೆ ಮುದುಕಿ. ರಾಯಚೂರಿನ ಮೇ ಬಿಸಿಲು, ಎಂಟು ದಿನ.

ಊಟದ ಮಧ್ಯಾಹ್ನ ದುಭಾಷಿಯಾಗಿ ನಾನೂ ಮೇಲಿನ ಕೋಣೆಯಲ್ಲಿ ಕೂತಿದ್ದೆ. ಹಳೆಯ ಬಾಟಲಿಯ ಬಿರಡೆ ಅರ್ಧ ಬೆರಳು ಮೇಲೆದ್ದಿತ್ತು, ಚೀಟಿಯ ಮೇಲೆ ರಸ ಸೋರಿತ್ತು. "ನೋಡ್ರಿ, ಮಾಗಿ ಉಕ್ಕಾಕತ್ತದ!" ಎಂದು ಸಾಹುಕಾರ ಹಿಗ್ಗಿದ. ಇಂಜಿನಿಯರ್ ಬಿರಡೆಯನ್ನು ಬೆರಳಿನಿಂದ ಮುಟ್ಟಿ ನೋಡಿದ.

ಮೊದಲು ಎಪ್ಪತ್ತು. ನೇರಳೆ ಹಣ್ಣಿನ ಸಿಪ್ಪೆಯ ಒಗರು, ಆಮೇಲೆ ಬಾಯಲ್ಲಿ ಬಹಳ ಹೊತ್ತು ನಿಂತ ಏನೋ ಒಂದು. ನಂತರ ಅರವತ್ತೊಂದು. ಬಣ್ಣ ಚಹಾದ ಡಿಕಾಕ್ಷನ್ನಿನಂತೆ, ವಾಸನೆ ಸೀದ ಬೆಲ್ಲದ್ದು, ಗಂಟಲಲ್ಲಿ ಹುಳಿ. ಇಂಜಿನಿಯರ್ ಒಂದು ಗುಟುಕು ತೆಗೆದುಕೊಂಡು ಗ್ಲಾಸು ಕೆಳಗಿಟ್ಟ.

"ಇದು ಬೆಂದುಹೋಗಿದೆ. ಎಲ್ಲಿ ಇಟ್ಟಿದ್ದರು, ಕೇಳಿ," ಎಂದ ಫ್ರೆಂಚಿನಲ್ಲಿ.

"ಏನಂತರ‍್ರೀ?" ಸಾಹುಕಾರ ಮುಂದೆ ಬಾಗಿದ.

"ಇಂಥಾದ್ದು ಅವರ ದೇಶದಾಗೂ ಸಿಗೂದಿಲ್ಲಂತ್ರಿ. ಎರಡರಾಗ ನಿಮಗ ಯಾವ್ದು ಸೇರ್ತು ಅಂತ ಕೇಳ್ತಾರ."

ಸಾಹುಕಾರ ಗ್ಲಾಸು ಪೂರ್ತಿ ಬರಿದು ಮಾಡಿ ತುಟಿ ಒರೆಸಿಕೊಂಡ. "ಹಳೇದ್ರೀ! ಹೊಸದು ಇದರ ಮುಂದ ನೀರು."

ಇದನ್ನು ಮಾತ್ರ ಅಕ್ಷರಕ್ಕೆ ಅಕ್ಷರ ಅನುವಾದಿಸಿದೆ. ಸಾಹುಕಾರ ಹಳೆಯದನ್ನು ಇನ್ನೊಮ್ಮೆ ಬಗ್ಗಿಸಲು ಹೋದಾಗ ಇಂಜಿನಿಯರ್ ತನ್ನ ಗ್ಲಾಸಿನ ಮೇಲೆ ಅಂಗೈ ಇಟ್ಟ. ಅಷ್ಟು ಖುಷಿ ನನಗೆ ಮತ್ತೆಂದೂ ಆಗಿಲ್ಲ.

ಆಗ ಸಾಹುಕಾರ ಅದೇ ಬಾಟಲಿ ಹಿಡಿದು ನನ್ನ ಗ್ಲಾಸಿಗೆ ತಿರುಗಿದ. "ನಿಮ್ಮಿಂದ ಆತ್ರಿ ಇದೆಲ್ಲ. ಕುಡೀರಿ, ನಾಚಬ್ಯಾಡ್ರಿ." ನಾನೇ ಅದನ್ನು ಹೊಗಳಿದ ಮೇಲೆ ಬೇಡವೆನ್ನುವುದು ಹೇಗೆ? ಎರಡು ಗ್ಲಾಸು ಕುಡಿದೆ.

ಏಜೆನ್ಸಿ ಬೇರೆ ಊರಿನ ವ್ಯಾಪಾರಿಗೆ ಹೋಯಿತು. ಐದಾರು ವರ್ಷದ ಮೇಲೆ ಗಬ್ಬೂರಿನಲ್ಲಿ ದೇವದುರ್ಗದ ಬಸ್ಸಿಗೆ ಕಾಯುತ್ತಿದ್ದಾಗ ಸಾಹುಕಾರ ಸಿಕ್ಕ. ಪಂಪಿನ ಮಾತು ಅವನೇ ತೆಗೆದ.

"ಬಚಾವಾದೆ ನೋಡ್ರಿ. ಆ ಪಂಪು ತಗೊಂಡವರೆಲ್ಲ ಬೈಯಾಕತ್ತಾರ. ನಮ್ಮ ಕಾಲುವಿಗಿ ನೀರು ಸಾಲೂದಿಲ್ಲಂತ ಕಾರ್ಖಾನಿಯವರು ನನಗ ಕೊಡ್ಲಿಲ್ಲಂತ."

ಕಾಲುವೆಯಂತೆ! ನನ್ನ ಏಟನ್ನು ಅವನು ಕಾಲುವೆಗೆ ಬರೆದುಕೊಟ್ಟಿದ್ದ. ಅದು ನನ್ನಿಂದ ಆಯಿತು ಎಂದು ತಿಳಿಯದೆ ಅವನು ಸಾಯಬಾರದು ಅನ್ನಿಸಿತು. ಹೇಳಿಬಿಟ್ಟೆ: ಬಿಸಿಲಿನ ಮಾತು ಕಾಗದದಲ್ಲಿ ಇರಲಿಲ್ಲ, ಆ ಬಾಟಲಿ ಕೆಡಲಿ ಎಂದೇ ಹೌದು ಅಂದೆ, ಊಟದ ದಿನ ಹೇಳಿದ್ದೂ ಸುಳ್ಳು.

ಸಾಹುಕಾರ ಕಣ್ಣು ಕಿರಿದು ಮಾಡಿ ನನ್ನ ಮುಖ ನೋಡಿದ.

"ಹಂಗಾದ್ರ ನೀವ್ಯಾಕ ಎರಡು ಗ್ಲಾಸ್ ಕುಡದ್ರಿ?"

ಅವನು ನಂಬಲಿಲ್ಲ, ಪಕ್ಕದಲ್ಲಿದ್ದವರಿಗೆ ಕೇಳುವಂತೆ, "ಮಾಸ್ತರ ಚಾಷ್ಟಿ ಮಾಡಾಕತ್ತಾರ," ಎಂದು ನಕ್ಕ.