ಗಾಡಿಜಾಡಿಗೆ ಒಪ್ಪುವ ಅಚ್ಚು

ಇಂದು ಮುಂಜಾನೆ ಟ್ರಂಕಿನಿಂದ ಚಳಿಗಾಲದ ಕೋಟನ್ನು ತೆಗೆದಾಗ ಮೊದಲು ಹೊರಬಂದದ್ದು ವಾಸನೆ: ಹಳೆಯ ಎಂಜಿನ್ ಎಣ್ಣೆ, ತುಕ್ಕು, ಕರಿಮಣ್ಣು. ಅದರ ಹಿಂದೆಯೇ ಜೇಬಿನಿಂದ ಎರಡು ಗಂಟುಗಳಿದ್ದ ಒಂದು ಹುರಿ. ಮೇಜಿನ ಮೇಲೆ ನನ್ನ ಅರ್ಧ ಬರೆದ ಲೇಖನ ಕಾಯುತ್ತಿತ್ತು. ಕೊಡೇಕಲ್ ಕಡೆಯ ಹಳ್ಳಿಯೊಂದರಲ್ಲಿ ಸರಕಾರಿ ಬಾವಿ ಕುಸಿದದ್ದಕ್ಕೆ ಯಾರು ಹೊಣೆ ಎಂದು ನಾನು ಅದರಲ್ಲಿ ಗುಡುಗಿದ್ದೆ. ಹುರಿಯನ್ನು ಕಂಡ ಮೇಲೆ ಗುಡುಗು ಮುಂದುವರಿಯಲಿಲ್ಲ.

ನಿಜಾಮರ ಆಳ್ವಿಕೆ ಇನ್ನು ಕೆಲವೇ ವರ್ಷಗಳದ್ದೆಂದು ಯಾರಿಗೂ ಗೊತ್ತಿರದ ಕಾಲವದು. ಹೈದರಾಬಾದಿನಲ್ಲಿ ಉರ್ದು ಮಾಧ್ಯಮದಲ್ಲಿ ಗಣಿತ ಓದಿ ನಾನು ಶಹಾಪುರಕ್ಕೆ ಮರಳಿದ್ದೆ. ಊರಿನ ಪ್ರತಿಯೊಂದು ಕೊರತೆಗೂ ಅರ್ಜಿ ಬರೆಯುವುದು ನನ್ನ ಕಸುಬಾಗಿತ್ತು, ಓದುಗರೇ. ಪದವಿ ಪಡೆದವನಿಗೆ ಬೇರೆ ಕೆಲಸ ಸಿಕ್ಕುವವರೆಗೆ ಅದಕ್ಕಿಂತ ಗೌರವದ್ದು ಇನ್ನೊಂದಿಲ್ಲ.

ಸುರಪುರದಲ್ಲಿ ನಾಗಮ್ಮ ಎಂಬ ಸೂಲಗಿತ್ತಿ ಇದ್ದಳು. ಹಿಂದಿನ ವರ್ಷ ಅವಳ ಮಗಳು ದೇವಮ್ಮನಿಗೆ ಹೆರಿಗೆ ಕಷ್ಟವಾಗಿ, ಯಾದಗಿರಿಯ ದವಾಖಾನೆಗೆ ಎತ್ತಿನ ಗಾಡಿಯಲ್ಲಿ ಒಯ್ಯುವಾಗ ಮಗು ಹಾದಿಯಲ್ಲೇ ಹೋಗಿತ್ತು. ದೇವಮ್ಮ ಈಗ ಮತ್ತೆ ತುಂಬಿದ ಬಸುರಿ. ನಡುವೆ ನಿಲ್ಲದ ವಾಹನವೊಂದು ಬೇಕೆಂದು ನಾಗಮ್ಮ ಊರೂರು ತಿರುಗಿ, ಜಹಗೀರದಾರರೊಬ್ಬರ ಕೊಟ್ಟಿಗೆಯಲ್ಲಿ ಕೋಳಿಗಳು ಮೊಟ್ಟೆಯಿಡುತ್ತಿದ್ದ ಹಳೆಯ ಕಾರನ್ನು ಬೇಡಿ ತಂದಳು. ಅದರ ಎಂಜಿನ್ ಸೀಳಿಹೋಗಿತ್ತು. ಹತ್ತಿಕುಣಿ ಹಾದಿಯಲ್ಲಿ ಉರುಳಿಬಿದ್ದಿದ್ದ ಲಾರಿಯೊಂದರ ಎಂಜಿನ್ನನ್ನು ಅದಕ್ಕೆ ಕೂಡಿಸಲು ನಮ್ಮೂರ ಮಾನಪ್ಪ ಬಡಿಗೇರ ಒಪ್ಪಿದ. ಗಾಡಿಯ ಗಾಲಿ ಮಾಡುತ್ತ ಮಾಡುತ್ತ ಮೋಟಾರಿಗೆ ಬಂದವನು ಅವನು. ಲೆಕ್ಕ ಬಲ್ಲವನೆಂದು ನಾಗಮ್ಮ ನನ್ನನ್ನೂ ಕರೆದಳು.

ತೊಡಕಿದ್ದದ್ದು ಹಿಂದಿನ ಎರಡು ಗಾಲಿಗಳನ್ನು ಹೊತ್ತು ತಿರುಗಿಸುವ ಅಚ್ಚಿನಲ್ಲಿ. ಲಾರಿಯ ಎಂಜಿನ್ನಿನ ಬಲವನ್ನು ಕಾರಿನ ಮೂಲ ಅಚ್ಚು ತಾಳಲಾರದು. ಲಾರಿಯದೇ ಅಚ್ಚು ಹಾಕೋಣವೆಂದ ಮಾನಪ್ಪ. ನಾನು ಗಾಲಿಗೆ ಸುಣ್ಣದ ಗುರುತು ಹಚ್ಚಿ, ಎಂಜಿನ್ ಕಡೆಯ ದಂಡವನ್ನು ಕೈಯಿಂದ ತಿರುಗಿಸಿ ಎಣಿಸಿದೆ: ಗಾಲಿ ಒಮ್ಮೆ ಸುತ್ತಲು ದಂಡ ಏಳು ಸುತ್ತು ಬೇಕು. ಅಂದರೆ ಎಂಜಿನ್ ಎಷ್ಟು ಕೂಗಿದರೂ ಕಾರು ತೆವಳುತ್ತದೆ. ನಾನು ಹೈದರಾಬಾದಿಗೆ ಹೋಗಿ, ಗುಜರಿಯಲ್ಲಿ ನವಾಬರ ಕಾರಿನದೆನ್ನಲಾದ ಅಚ್ಚೊಂದನ್ನು ಹುಡುಕಿ ರೈಲಿನಲ್ಲಿ ತಂದೆ. ಅದಕ್ಕೆ ನಾಲ್ಕೇ ಸುತ್ತು.

ಅದರ ಹೊಟ್ಟೆಯನ್ನು ಬಿಚ್ಚಿ ನೋಡಿದ ಸಂಜೆಯನ್ನು ನಾನಿನ್ನೂ ಮರೆತಿಲ್ಲ. ತಿರುವಿನಲ್ಲಿ ಒಳಗಿನ ಗಾಲಿ ಕಡಿಮೆ, ಹೊರಗಿನದು ಹೆಚ್ಚು ನಡೆಯಬೇಕಲ್ಲ. ಆ ಹಂಚಿಕೆಯನ್ನು ನಾಲ್ಕು ಪುಟ್ಟ ಹಲ್ಲಿನ ಚಕ್ರಗಳು ಯಾರನ್ನೂ ಕೇಳದೆ ಮಾಡುತ್ತಿದ್ದವು. ಒಂದು ಗಾಲಿಯನ್ನು ಹಿಡಿದರೆ ಇನ್ನೊಂದು ಎರಡರಷ್ಟು ತಿರುಗುತ್ತಿತ್ತು. ಇಂಥ ನ್ಯಾಯವಂತ ಯಂತ್ರವನ್ನು ನಾನು ಕಂಡಿರಲಿಲ್ಲ. ಮಾನಪ್ಪ ಮಾತ್ರ ಒಳಗೆ ಇಣುಕಲೂ ಇಲ್ಲ. ಹುರಿಯೊಂದನ್ನು ತಂದು ಗಾಲಿಯಿಂದ ಗಾಲಿಗೆ ಹಿಡಿದ. ಗಾಡಿಜಾಡಿನ ಒಂದು ತಗ್ಗಿನಿಂದ ಇನ್ನೊಂದು ತಗ್ಗಿಗೆ ಅಳೆದು ಗಂಟು ಹಾಕಿದ ಹುರಿ ಅದು. ಕಾರಿನ ಮುಂದಿನ ಗಾಲಿಗಳೂ ಲಾರಿಯ ಅಚ್ಚೂ ಗಂಟಿಗೆ ಸರಿಯಾಗಿದ್ದವು. ನನ್ನ ಅಚ್ಚು ಎರಡೂ ಕಡೆ ನಾಲ್ಕು ನಾಲ್ಕು ಬೆರಳು ಹೊರಗಿತ್ತು.

“ಇದು ಡಾಂಬರ ರೋಡಿನ ಅಚ್ಚು ಅದರಿ. ನಮ್ಮ ಹಾದಿಗಿ ಇದರ ಗುರ್ತಿಲ್ಲ,” ಎಂದ.

ನಾನು ನಕ್ಕು, ಗುಣಾಕಾರದ ಹಾಳೆಯನ್ನು ಊರ ಹಿರಿಯರ ಮುಂದೆ ಹರಡಿ, ಹುರಿಯನ್ನು ಕೋಟಿನ ಜೇಬಿಗೆ ಸೇರಿಸಿದೆ. ಓದಿದವನ ಮಾತು ನಡೆಯಿತು.

ಕಾರನ್ನು ಪರೀಕ್ಷೆಗೆಂದು ಸುರಪುರದ ಹಾದಿಗೆ ಇಳಿಸಿದೆವು. ಮಳೆಗಾಲದಲ್ಲಿ ಗಾಡಿಗಳು ಕೊರೆದ ಜಾಡು ಬಿಸಿಲಿಗೆ ಇಟ್ಟಿಗೆಯಂತೆ ಬಿರುಸಾಗಿತ್ತು. ಮುಂದಿನ ಗಾಲಿಗಳು ಜಾಡಿನಲ್ಲಿ ಕುಳಿತವು. ಹಿಂದಿನವು ಅಂಚಿನ ಮೇಲೆ ಏರಿ ಇಳಿದು ಕುಂಟಿದವು. ಎರಡು ಮೈಲಿ ಕಳೆಯುವಷ್ಟರಲ್ಲಿ ಒಂದು ಗಾಲಿ ತಗ್ಗಿಗೆ ಜಾರಿತು, ಅಚ್ಚಿನ ಹೊಟ್ಟೆ ನಡುವಿನ ದಿಬ್ಬಕ್ಕೆ ಕೂತಿತು, ಇನ್ನೊಂದು ಗಾಲಿ ಗಾಳಿಯಲ್ಲಿ ನಿಂತಿತು. ನನ್ನ ನ್ಯಾಯವಂತ ಯಂತ್ರವು ಇದ್ದ ತಿರುವನ್ನೆಲ್ಲ ನೆಲವೇ ಸಿಗದ ಆ ಗಾಲಿಗೆ ಕೊಟ್ಟಿತು. ಅದು ಬುಗುರಿಯಂತೆ ತಿರುಗಿ, ಥಟ್ಟನೆ ನೆಲ ಕಚ್ಚಿದಾಗ ಒಳಗೆ ದಂಡ ಮುರಿದ ಸದ್ದು ಎಲ್ಲರಿಗೂ ಕೇಳಿಸಿತು.

ಹೆರಿಗೆಗೆ ಹದಿನೈದು ದಿನವೂ ಉಳಿದಿರಲಿಲ್ಲ. ನಾನು ಮಾಡಿದ್ದೇನು? ಮನೆಗೆ ಬಂದು ಹಾದಿ ಕೆಟ್ಟದ್ದಕ್ಕೆ ರಸ್ತೆಯ ಕಚೇರಿಯೇ ಹೊಣೆಯೆಂದು ಎಂಟು ಪುಟದ ಅರ್ಜಿ ಬರೆದೆ. ಮರುದಿನ ಮಾನಪ್ಪನ ಅಂಗಳದಲ್ಲಿ ನಿಂತು ಅದನ್ನು ಓದಿಯೂ ಬಿಟ್ಟೆ. ಅವನು ಕಾರಿನ ಕೆಳಗಿನಿಂದಲೇ ಕೊನೆಯವರೆಗೆ ಕೇಳಿಸಿಕೊಂಡ.

“ಛಲೋ ಬರದೀರಿ. ಖರೇನೂ ಅದ. ಆದ್ರ ಇದರಾಗ ನಿಮ್ಮ ಹೆಸರು ಎಲ್ಲಿ ಬರ್ತದರಿ?”

ಅರ್ಜಿಯ ಕೆಳಗೆ ನನ್ನ ಸಹಿ ಇತ್ತು. ಅವನು ಕೇಳಿದ್ದು ಅದನ್ನಲ್ಲ. ಅಲ್ಲೇ ಕೂತಿದ್ದ ನಾಗಮ್ಮ ಎಲೆಯಡಿಕೆ ಉಗುಳಿ ಬಂದು ಹೇಳಿದಳು: “ತಮ್ಮಾ, ಬ್ಯಾನಿ ತಿನ್ನಾಕತ್ತಿದಾಕಿನ್ನ ಕೂಡಿಸ್ಕೊಂಡು ಕುದುರಿ ಓಡಿಸಿದಂಗ ಓಡಸ್ತೀಯೇನು? ನಿನಗ ಜೋರಾಗಿ ಹೋಗು ಅಂದಾಕಿ ಯಾರು? ನಡುವ ನಿಲ್ಲಬಾರದು ಅಂದಿದ್ದೆ ನಾ.”

ಹೌದು, ಅಷ್ಟೇ ಅಂದಿದ್ದಳು. ಯಾವ ಅಚ್ಚು ಎಷ್ಟು ವೇಗ ಕೊಡುತ್ತದೆಂದು ಎಣಿಸಿದ ನಾನು, ಅದರ ಮೇಲೆ ಕೂಡುವವಳು ಯಾರೆಂದು ಎಣಿಸಿರಲಿಲ್ಲ.

ಕೋಟಿನ ತೋಳು ಮಡಚಿ ಎಂಟು ದಿನ ಮಾನಪ್ಪನ ಕೈಕೆಳಗೆ ದುಡಿದೆ. ಬೋಲ್ಟು ತಿರುಗಿಸುವ ಪಾನ ಎತ್ತಿಕೊಟ್ಟೆ, ಬೈಸಿಕೊಂಡೆ. ಹುರಿಯನ್ನು ಮರಳಿಸಲು ಹೋದರೆ, “ಇಟ್ಕೋರಿ, ನನಗ ಕಣ್ಣಳತಿ ಅದ,” ಎಂದ. ಒಂಬತ್ತನೆಯ ದಿನ, ಬೇನೆ ಶುರುವಾದ ದೇವಮ್ಮನನ್ನು ಕೂಡಿಸಿಕೊಂಡು, ಲಾರಿಯ ಅಚ್ಚಿನ ಮೇಲೆ ಕಾರು ಸುರಪುರದಿಂದ ಹೊರಟಿತು. ನಾಲ್ಕು ಗಾಲಿಗಳೂ ಜಾಡು ಹಿಡಿದು, ಎಂಜಿನ್ ಕೂಗುತ್ತ ಕಾರು ತೆವಳಿತು. ಸೈಕಲ್ಲಿನವನೊಬ್ಬ ನಮ್ಮನ್ನು ದಾಟಿ ಹೋಗಿ ಹಿಂತಿರುಗಿ ನೋಡಿ ನಕ್ಕನು. ಎಲ್ಲಿಯೂ ನಿಲ್ಲಲಿಲ್ಲ. ಸಂಜೆಗೆ ಯಾದಗಿರಿಯ ದವಾಖಾನೆಯಲ್ಲಿ ಮಗು ಅತ್ತಿತು. ದೇವಮ್ಮ ನೀರು ಕೇಳಿ ಕುಡಿದಳು.

ಅರ್ಜಿಯನ್ನು ಹರಿದೆನೆಂದು ತಿಳಿಯಬೇಡಿ. ರಸ್ತೆ ಕೆಟ್ಟಿದ್ದು ನಿಜ, ಅದಕ್ಕೆ ಉತ್ತರ ಕೊಡಬೇಕಾದವರು ಇದ್ದದ್ದೂ ನಿಜ. ಮೊದಲ ಪುಟದಲ್ಲಿ ನನ್ನ ತಪ್ಪನ್ನು ಬರೆದು, ಉಳಿದದ್ದನ್ನು ಅದರ ಕೆಳಗೆ ಇನ್ನೂ ಬಿಗಿಯಾಗಿ ಬರೆದು ಕಳಿಸಿದೆ.

ಈಗ ಮೇಜಿನ ಮೇಲಿನ ಲೇಖನವನ್ನು ಮತ್ತೆ ಓದಿದೆ. ವಾಕ್ಯಗಳು ಚೆನ್ನಾಗಿವೆ. ಆದರೆ ಆ ಬಾವಿಯನ್ನು ನಾನು ಇನ್ನೂ ಕಂಡಿಲ್ಲ. ಎಷ್ಟು ಆಳ, ಯಾವ ಕಲ್ಲು, ದಿನವೂ ಅದರಲ್ಲಿ ಇಳಿಯುತ್ತಿದ್ದವರು ಯಾರು, ಒಂದೂ ಗೊತ್ತಿಲ್ಲ. ಕಾಗದವನ್ನು ಮಡಿಸಿಟ್ಟು, ಹುರಿಯನ್ನು ಜೇಬಿಗೆ ಹಾಕಿಕೊಂಡು, ಕೊಡೇಕಲ್ ಬಸ್ಸು ಎಷ್ಟು ಹೊತ್ತಿಗೆಂದು ಕೇಳಲು ಹೊರಟೆ.