ಹಕಾರವಿಲ್ಲದ ಊರುಗಳಲ್ಲಿ ಮೂರು ದಿನ

ಚಳಿಗಾಲದ ಒಂದು ಶುಕ್ರವಾರ ಬೆಳಿಗ್ಗೆ ಏಳಕ್ಕೆ ನಾನೂ ನೀಮಾಳೂ ಮೈಸೂರಿನಲ್ಲಿ ಚನ್ನರಾಯಪಟ್ಟಣದ ಬಸ್ಸು ಹತ್ತಿದೆವು. ನೀಮಾ ಕೀನ್ಯಾ ದೇಶದವಳು, ಭಾಷಾಶಾಸ್ತ್ರದ ಎಂ.ಎ.ಯಲ್ಲಿ ನನ್ನ ಸಹಪಾಠಿ. ನಮ್ಮ ತರಗತಿಯಲ್ಲಿ ಇರಾನ್, ಭೂತಾನ್ ದೇಶದವರೂ ಇದ್ದರು. ಹಾಸನ ಸೀಮೆಯ ಆಡುಮಾತನ್ನು ಧ್ವನಿಮುದ್ರಿಸಿ ಪ್ರಬಂಧ ಬರೆಯಬೇಕೆಂದು ಹಟ ಹಿಡಿದವಳು ನೀಮಾ. ಆ ಕಡೆಯವಳಾದ ನಾನು ಚನ್ನರಾಯಪಟ್ಟಣ, ಹಾಸನ, ಅರಕಲಗೂಡು, ಹೊಳೆನರಸೀಪುರ ಎಂದು ಪಟ್ಟಿ ಮಾಡಿಕೊಟ್ಟಿದ್ದೆ. ಹಳ್ಳಿಮೈಸೂರಿನ ಪಕ್ಕದ ನನ್ನೂರನ್ನು ಬೇಕೆಂದೇ ಬಿಟ್ಟಿದ್ದೆ.

ಆಧಾರ್ ತೋರಿಸಿದ ನನಗೆ ಉಚಿತ ಟಿಕೆಟ್, ನೀಮಾಳಿಗೆ ದುಡ್ಡಿನದು. "ಈ ಬಸ್ಸು ಎಷ್ಟು ಗಂಟೆಗೆ ತಲುಪುತ್ತದೆ?" ಎಂದು ಅವಳು ನಾನು ಕಲಿಸಿದ ಕನ್ನಡದಲ್ಲಿ ಕೇಳಿದಳು.

"ಅತ್ತು ಗಂಟೆಗೆಲ್ಲ ಓಯ್ತದೆ ಕಣಮ್ಮ," ಎಂದ ಕಂಡಕ್ಟರ್. "ನಮಗಿಂತ ನೀವೇ ಚೆನ್ನಾಗ್ ಮಾತಾಡ್ತೀರ."

ನೀಮಾ 'ಅತ್ತು', 'ಓಯ್ತದೆ' ಎರಡನ್ನೂ ಬರೆದುಕೊಂಡಳು. ನಾನು ಕಿಟಕಿಯ ಕಡೆ ತಿರುಗಿದೆ. ಪಿಯುಸಿ ಓದಲು ಹಾಸನಕ್ಕೆ ಸೇರಿದ ಮೊದಲ ವಾರ ಪಾಠ ಓದುವಾಗ 'ಹಾಲು' ನನ್ನ ಬಾಯಲ್ಲಿ 'ಆಲು' ಆಗಿ, ಇಡೀ ತರಗತಿ ನಕ್ಕಿತ್ತು. ಅಂದಿನಿಂದ ಒಂದೊಂದು ಮಾತನ್ನೂ ತಿದ್ದಿ ತಿದ್ದಿ ನನ್ನ ಕನ್ನಡವನ್ನು ಬೇರೆಯೇ ಮಾಡಿಕೊಂಡಿದ್ದೆ.

ಚನ್ನರಾಯಪಟ್ಟಣದ ಮಾರುಕಟ್ಟೆಯಲ್ಲಿ ಮಧ್ಯಾಹ್ನದವರೆಗೆ ತರಕಾರಿ ಮಾರುವ ಹೆಂಗಸರ ಮಾತು ಹಿಡಿದೆವು. ಬಿಸಿಲು ಹಿತವಾಗಿತ್ತು. ಅಲ್ಲಿಂದ ಶಾಂತಿಗ್ರಾಮದ ಮೇಲೆ ಹಾಸನಕ್ಕೆ ಹೋಗಿ ಒಂದು ಲಾಡ್ಜಿನಲ್ಲಿ ಇಳಿದೆವು. ಮಾರನೆಯ ದಿನ ಅರಕಲಗೂಡಿನ ಹೋಟೆಲೊಂದರಲ್ಲಿ ತಟ್ಟೆ ಇಡ್ಲಿ ಮುಗಿಸಿ, ನೀಮಾ ತನ್ನ ಟಿಪ್ಪಣಿಗಳನ್ನು ಮೇಜಿನ ಮೇಲೆ ಹರಡಿದಳು.

"ನೋಡು, ಪಟ್ಟಣದ ಅಂಗಡಿಯವರು, ಇಲ್ಲಿಯ ಹೊಗೆಸೊಪ್ಪಿನ ರೈತರು, ಎಲ್ಲರೂ 'ಹ'ವನ್ನು ಒಂದೇ ಜಾಗದಲ್ಲಿ, ಪದದ ಮೊದಲಲ್ಲಿ, ಬಿಡುತ್ತಾರೆ. ತಪ್ಪು ಇಷ್ಟು ಅಚ್ಚುಕಟ್ಟಾಗಿ ಇರುವುದಿಲ್ಲ. ಇದು ನಿಯಮ."

ನಾನು ಇಬ್ಬರಿಗೂ ಕಾಫಿ ಹೇಳಿದೆ.

"ನಿನ್ನ ಊರು ಪಟ್ಟಿಯಲ್ಲಿ ಯಾಕಿಲ್ಲ?" ಎಂದಳು. ನಾನು ಏನೋ ನೆಪ ಹೇಳಿದೆ. ಅವಳು ಒತ್ತಾಯ ಮಾಡಲಿಲ್ಲ. ತನ್ನ ಶಾಲೆಯ ಕಥೆ ಹೇಳಿದಳು. ಮನೆಮಾತು ಆಡಿ ಸಿಕ್ಕಿಬಿದ್ದವರ ಕೊರಳಿಗೆ ಅಲ್ಲಿ ಮರದ ತುಂಡೊಂದನ್ನು ಕಟ್ಟುತ್ತಿದ್ದರಂತೆ. "ನಮ್ಮ ಅಜ್ಜಿ ಸಾಯುವ ಮುಂಚೆ ನನಗೆ ಏನೋ ಹೇಳಿದಳು. ಅರ್ಧ ನನಗೆ ತಿಳಿಯಲಿಲ್ಲ," ಎಂದು ಲೋಟದಲ್ಲಿದ್ದ ಕಾಫಿ ಮುಗಿಸಿದಳು. "ನಾಳೆ ನಮ್ಮೂರಿಗೂ ಹೋಗೋಣ," ಎಂದೆ.

ಭಾನುವಾರ ಬೆಳಿಗ್ಗೆ ಹೊಳೆನರಸೀಪುರದಲ್ಲಿ ಬಸ್ಸು ಬದಲಿಸಿ ಹಳ್ಳಿಮೈಸೂರಿನಲ್ಲಿ ಇಳಿದೆವು. ಅಲ್ಲಿಂದ ಆಟೋದಲ್ಲಿ ನಮ್ಮ ಮನೆ. ಅವ್ವ ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ನೀಮಾಳನ್ನು ಕಂಡು ನಕ್ಕಳು, ಮಾತಾಡಲಿಲ್ಲ. ನನ್ನ ಗೆಳತಿಯರು ಬಂದರೆ ಅವ್ವ ಹೀಗೇ. ಅದಕ್ಕೆ ಕಾರಣ ನಾನು. ಪಿಯುಸಿಯ ದಿನಗಳಲ್ಲಿ ಒಬ್ಬ ಗೆಳತಿಗೆ ಅವಳು "ಅಣ್ಣು ತಿನ್ನವ್ವ" ಎಂದು ಬಾಳೆಹಣ್ಣು ಕೊಟ್ಟಾಗ, "ಹಣ್ಣು ಅನ್ನವ್ವ, ಮಾನ ಕಳೀಬೇಡ" ಎಂದು ಗೆಳತಿಯ ಎದುರೇ ರೇಗಿದ್ದೆ.

ನೀಮಾ ರೆಕಾರ್ಡರ್ ಇಟ್ಟು, ಅವರೆಯ ಬಗ್ಗೆ ಹೇಳಿ ಎಂದು ಕೇಳಿಕೊಂಡಳು. ಅವ್ವ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕುಳಿತಳು.

"ಹಿದು... ಹವರೆಕಾಯಿ. ಹಿದನ್ನ ಹನ್ನದ ಜೊತೆಗೆ ಹೂಟ ಮಾಡುತ್ತಾರೆ."

ನೀಮಾ ನಗಲಿಲ್ಲ. ನನಗೂ ನಗು ಬರಲಿಲ್ಲ. ಬೇಡದ ಕಡೆಯೆಲ್ಲ 'ಹ' ಸೇರಿಸಿಕೊಂಡು ಬೆವರುತ್ತಿದ್ದ ಅವ್ವನ ಮುಖ ನೋಡಲಾರದೆ ಎದ್ದು ಹೋಗಿ ಅವಳ ಪಕ್ಕ ಕುಳಿತೆ.

"ಅಂಗಲ್ಲ ಕಣವ್ವ. ನೀ ಒಲದಾಗೆ ಮಾತಾಡ್ತೀಯಲ್ಲ, ಅಂಗೇ ಯೋಳು."

ಅವ್ವ ನನ್ನನ್ನೇ ದಿಟ್ಟಿಸಿದಳು. ಎಷ್ಟೋ ವರ್ಷಗಳ ಮೇಲೆ ಆ ಮಾತು ನನ್ನ ಬಾಯಿಂದ ಬಂದಿತ್ತು.

"ನೀನೇ ಅಲ್ವವ್ವ, ಅಂಗನ್ಬ್ಯಾಡ ಅಂದಿದ್ದು?"

"ತಪ್ಪಾಯ್ತು ಕಣವ್ವ. ನಂಗೊತ್ತಿರ್ನಿಲ್ಲ."

ಅವಳು ಸ್ವಲ್ಪ ಹೊತ್ತು ಕಾಯಿ ಸುಲಿದಳು. ಆಮೇಲೆ ಒಂದು ಕಾಯಿಯನ್ನು ನೀಮಾಳ ಮೂಗಿನ ಹತ್ತಿರ ಹಿಡಿದಳು. "ಮೂಸು. ಇದು ಸೊಗಡು. ರಾತ್ರಿಯೆಲ್ಲ ಇಬ್ಬನಿ ಕುಡುದ್ರೇನೆ ಇದು ಬರಾದು. ನೀರು ಆಯ್ಸಿ ಬೆಳದ್ರೆ ಬರಾಕಿಲ್ಲ. ಕಾಯಿ ಮುಟ್ಟುದ್ರೆ ಕೈಬೆಳ್ಳೆಲ್ಲ ಅಂಟಂಟು ಆಗ್ಬೇಕು, ಅದೇ ಒಳ್ಳೆ ಅವರೆ."

"ಸೊಗಡು ಬರೀ ಅವರೆಗಾ ಅವ್ವ?" ಎಂದಳು ನೀಮಾ.

"ಮಾತ್ಗೂ ಅಂತಾರೆ ಕಣವ್ವ. ಒಂದೊಂದೂರಿನ ಮಾತ್ಗೆ ಒಂದೊಂದು ಸೊಗಡು."

ನೀಮಾಳ ಪೆನ್ನು ನಿಂತಿತು. ಇದನ್ನು ಬೇರೆ ಯಾವ ಭಾಷೆಗೆ ಹಾಕಲಿ ಎಂದು ಕೇಳಿದಳು. ನನಗೆ ತಿಳಿದ ಯಾವ ಭಾಷೆಯಲ್ಲೂ ಅದಕ್ಕೊಂದು ಪದ ಸಿಗಲಿಲ್ಲ. ಅವ್ವ ಮಾತ್ರ ನಿಲ್ಲಲಿಲ್ಲ. ಬಿತ್ತನೆ, ಸೊಪ್ಪು, ಅವಳ ತವರಿನ ಜಗಳ, ಎಲ್ಲ ಬಂತು. ಹಿತಕಿದವರೆ ಸಾರು, ಮುದ್ದೆ ಉಂಡು ಏಳುವಾಗ ಮೂರು ಗಂಟೆ. ಎರಡು ವರ್ಷ ನಾನು ಕಲಿಸಿದ್ದಕ್ಕಿಂತ ಹೆಚ್ಚು ಕನ್ನಡವನ್ನು ನೀಮಾ ಅಂದು ಕಲಿತಳು. ಅವ್ವನ ಎದುರು ಕೂತು ನಾನೂ ಕಲಿತೆ.

ಸಂಜೆ ಬಸ್ಸಿನ ತನಕ ಅವ್ವ ಜೊತೆಗೆ ಬಂದಳು. ಬಸ್ಸು ತುಂಬಿತ್ತು. ಅದು ಹೊರಡುತ್ತಿದ್ದಂತೆ ಅವಳು ಕಿಟಕಿಯ ಪಕ್ಕದಲ್ಲೇ ನಡೆಯುತ್ತಾ, ನಿಲ್ದಾಣದವರೆಲ್ಲ ತಿರುಗಿ ನೋಡುವಂತೆ ಕೂಗಿದಳು: "ಉಸಾರಾಗ್ ಓಗ್ರವ್ವಾ... ಯುಗಾದಿಗೆ ಆ ಎಣ್ಣುಮಗಳ್ನೂ ಕರ್ಕೊಂಡ್ ಬಾ."

ಮುಂದಿನ ಸೀಟಿನ ಹುಡುಗಿಯೊಬ್ಬಳು ತಿರುಗಿ ನನ್ನನ್ನು ನೋಡಿದಳು.

"ನಮ್ಮವ್ವ," ಎಂದೆ. ಕಿಟಕಿಯಿಂದ ತಲೆ ಹೊರಗೆ ಹಾಕಿ, ಅವಳಷ್ಟೇ ಜೋರಾಗಿ, "ಬತ್ತೀವಿ ಕಣವ್ವಾ" ಎಂದು ಕೂಗಿದೆ.