ಮೂರನೇ ಅದ್ದು

ಬೆಳಗಿನ ಐದೂವರೆ. ಮೂತ್ರರೋಗ ವಾರ್ಡಿನ ಅಟೆಂಡರ್ ಏಳನೇ ಮಂಚದ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದಾರೆ. ತೂಗುಹಾಕಿದ ಮೂತ್ರದ ಚೀಲದ ಹಿಂದೆ ತಮ್ಮ ಬಿಳಿ ಕರವಸ್ತ್ರ ಹಿಡಿದು ಕಣ್ಣು ಕಿರಿದು ಮಾಡುತ್ತಾರೆ. ಮಂಚದ ಮೇಲಿರುವವರು ನಿವೃತ್ತ ಮೇಷ್ಟ್ರು. ನಿನ್ನೆಯಷ್ಟೇ ಅವರಿಗೆ ಪ್ರಾಸ್ಟೇಟಿನ ಲೇಸರ್ ಶಸ್ತ್ರಚಿಕಿತ್ಸೆ ಆಗಿದೆ.

"ಸಿಸ್ಟರ್, ಬೇಗ ಬನ್ನಿ. ಮೂರನೇ ಅದ್ದು!"

ಸಿಸ್ಟರ್ ಅರ್ಥ ಕೇಳುವುದಿಲ್ಲ, ಓಡಿ ಬರುತ್ತಾರೆ. ಎಲ್ಲರೂ 'ಬಣ್ಣದಣ್ಣ' ಎನ್ನುವ ಈ ಅಟೆಂಡರ್ ಇಪ್ಪತ್ತೆರಡು ವರ್ಷ ಬಟ್ಟೆಗೆ ಬಣ್ಣ ಹಾಕಿದವರು. ಒಮ್ಮೆ ಅದ್ದಿದರೆ ತಿಳಿ ಗುಲಾಬಿ, ಮೂರು ಸಲ ಅದ್ದಿದರೆ ಗಾಢ ಕೆಂಪು. ಲೇಸರ್ ಆದ ಮೇಲೆ ಮೊದಲ ಅದ್ದು ಸಾಮಾನ್ಯ, ಭಯವಿಲ್ಲ. ಮೂರನೆಯದು ಅಪರೂಪ. ರಕ್ತ ಹೆಪ್ಪುಗಟ್ಟಿ ನಳಿಕೆ ಕಟ್ಟಿಕೊಂಡರೆ ಮೂತ್ರ ನಿಂತು ಹೊಟ್ಟೆ ಉಬ್ಬುತ್ತದೆ. ಇವರ ಅಳತೆ ಈಗ ಡಾಕ್ಟರ ಬಾಯಲ್ಲೂ ಇದೆ.

ಸಿಸ್ಟರ್ ದೊಡ್ಡ ಸಿರಿಂಜಿನಿಂದ ಹೆಪ್ಪುಗಳನ್ನು ಎಳೆದು ತೆಗೆಯುತ್ತಾರೆ, ಸಲೈನ್ ಜೋರಾಗಿ ಬಿಡುತ್ತಾರೆ.

"ನನ್ನ ಕಥೆ ಮುಗೀತೇನಪ್ಪಾ?" ಮೇಷ್ಟ್ರು ನರಳುತ್ತಾರೆ.

"ಎಲ್ಲಿ ಮುಗಿಯುತ್ತೆ ಮೇಷ್ಟ್ರೇ, ಇನ್ನೂ ತಿಂಡೀನೇ ಬಂದಿಲ್ಲ," ಎನ್ನುತ್ತಾರೆ ಬಣ್ಣದಣ್ಣ.

ಕೆಂಪು ಇಳಿಯುವುದಿಲ್ಲ. ಮೇಷ್ಟ್ರನ್ನು ಮತ್ತೆ ಥಿಯೇಟರಿಗೆ ಒಯ್ಯುತ್ತಾರೆ. ಡಾಕ್ಟರು ಮೂತ್ರನಾಳದೊಳಗೆ ಸಣ್ಣ ದುರ್ಬೀನು ಇಳಿಸಿ, ರಕ್ತ ಜಿನುಗುವ ನಾಳ ಹುಡುಕಿ ಸುಟ್ಟು ಮುಚ್ಚುತ್ತಾರೆ. ಒಂಬತ್ತರ ಹೊತ್ತಿಗೆ ಮೇಷ್ಟ್ರು ವಾಪಸ್ಸು. ಮತ್ತೆ ಕರವಸ್ತ್ರ. "ಒಂದು ಅದ್ದೂ ಇಲ್ಲ," ಎನ್ನುವಾಗ ಬಣ್ಣದಣ್ಣನ ಮುಖ ಅರಳುತ್ತದೆ.

ಹದಿನಾಲ್ಕು ಮಂಚ, ಅರ್ಧ ಗಂಟೆಗೊಂದು ಸುತ್ತು, ಎಂಟು ವರ್ಷ. ಯಂತ್ರ ಬಂದು ಬಣ್ಣದ ಮನೆ ಮುಚ್ಚಿದ ಮೇಲೆ ಸಿಕ್ಕ ಕೆಲಸವಿದು. ಆದರೆ ಜೀವ ಇನ್ನೂ ಬಣ್ಣದ ಹಂಡೆಯ ಹತ್ತಿರವೇ ಸುಳಿದಾಡುತ್ತದೆ.

"ಇಲ್ಲಿ ಬರೀ ಕೆಂಪು. ನನ್ನ ಕೈ ಪಳಗಿದ್ದು ನೀಲೀಲಿ. ಹಂಡೆಯಿಂದ ಎತ್ತುವಾಗ ಬಟ್ಟೆ ಹಸಿರಾಗಿರುತ್ತೆ. ಗಾಳಿ ಸೋಕ್ತಾ ಸೋಕ್ತಾ ಕಣ್ಣೆದುರೇ ನೀಲಿ ಆಗುತ್ತೆ. ಆ ಗಳಿಗೆ ಇನ್ನೊಂದ್ಸಲ ನೋಡ್ಬೇಕು ಅಂತ ಕಣ್ಣು ಹಾತೊರೆಯುತ್ತೆ."

ಅಂಗೈ ತಿರುಗಿಸಿ ಉಗುರು ತೋರಿಸುತ್ತಾರೆ. "ಉಗುರಿನ ನೀಲಿ ಹೋಗೋಕೆ ಆರು ತಿಂಗಳಾಯ್ತು. ಕೊನೇ ಚೂರು ಕತ್ತರಿಸಿದ ದಿನ ಹೆಂಡ್ತಿಗೆ ಕಾಣದ ಹಾಗೆ ಅತ್ತುಬಿಟ್ಟೆ."

ಈಗೇನು ಆಸೆ ಎಂದು ಕೇಳಿದರೆ, ನಾಚಿ ಕರವಸ್ತ್ರ ಬಿಡಿಸುತ್ತಾರೆ.

"ಮನೇಲಿ ಒಂದು ಸಣ್ಣ ಹಂಡೆ ಇಟ್ಟು, ಇದನ್ನೇ ನೀಲಿಗೆ ಅದ್ದಬೇಕು ಅಂತ ಎಷ್ಟು ಸಲ ಅನ್ಕೊಂಡಿದೀನಿ."

ಅಷ್ಟರಲ್ಲಿ ಒಂಬತ್ತನೇ ಮಂಚದಿಂದ ಕರೆ ಬರುತ್ತದೆ. ಕರವಸ್ತ್ರ ಮಡಚಿ ಏಳುತ್ತಾರೆ.

"ಬೇಡ ಬಿಡಿ. ಇದು ಬೆಳ್ಳಗೇ ಇರ್ಬೇಕು. ಇಲ್ಲಾಂದ್ರೆ ಅವರ ಬಣ್ಣ ನಂಗೆ ಗೊತ್ತಾಗೋದು ಹೇಗೆ?"